ದಿಬ್ಬದ ಮೇಲಿನ ಹುಡುಗ

ಆಟವನ್ನು ಕುರಿತು ಬರೆದದ್ದು ಸಾಹಿತ್ಯವಾಗುವುದು ಅಪರೂಪ. ಪತ್ರಿಕೆಯ ಕ್ರೀಡಾಪುಟದಲ್ಲಿ ಬೆಳಗ್ಗೆ ಅರಳಿದ ಬರಹ ಸಂಜೆಯ ಹೊತ್ತಿಗೆ ಬಾಡಿಹೋಗುತ್ತದೆ. ಅಂಕಿಗಳು ಉಳಿಯುತ್ತವೆ, ಆಡಿದ ಮನುಷ್ಯ ಉಳಿಯುವುದಿಲ್ಲ. ಈ ಮಾತಿಗೆ ಅಮೆರಿಕದ ಬೇಸ್‌ಬಾಲ್ ಒಂದು ಅಪವಾದ. ಆ ದೇಶದ ಒಳ್ಳೆಯ ಗದ್ಯ ಬರೆದವರಲ್ಲಿ ಹಲವರು ಈ ಆಟವನ್ನು ಮನಸ್ಸಿಟ್ಟು ನೋಡಿ ಬರೆದಿದ್ದಾರೆ. ಅವರ ಪುಟಗಳಲ್ಲಿ ಗೆದ್ದ ವೀರರು ಬೇಕಾದಷ್ಟು ಮಂದಿ ಬಂದು ಹೋಗುತ್ತಾರೆ. ಆದರೆ ಓದಿ ಮುಗಿಸಿದ ಮೇಲೆ ನೆನಪಿನಲ್ಲಿ ನಿಲ್ಲುವವನು ಬೇರೆಯವನು: ತೋಳಿನಲ್ಲಿ ಅಸಾಧಾರಣ ಕಸುವಿದ್ದೂ ಚೆಂಡನ್ನು ಎಸೆಯಬೇಕಾದ ಕಡೆಗೆ ಎಸೆಯಲಾರದೆ ತೊಳಲುವ ಹುಡುಗ. ಅವನನ್ನು ತಿದ್ದಿ ಬೆಳೆಸುವುದು ಹೇಗೆ? ತಿದ್ದಲು ಹೋಗಿ ಕೆಡಿಸುವುದು ಹೇಗೆ? ನೂರು ವರ್ಷಗಳ ಅವಧಿಯಲ್ಲಿ ಬಂದ ಕೆಲವು ಪುಸ್ತಕಗಳು ಈ ಎರಡು ಪ್ರಶ್ನೆಗಳ ಸುತ್ತ ತಿರುಗಿವೆ. ಅವುಗಳಲ್ಲಿ ಯಾವುದು ನಿಜವನ್ನು ಹೇಳುತ್ತದೆ, ಯಾವುದು ಬರಿಯ ಸಮಾಧಾನವನ್ನು ಹೇಳುತ್ತದೆ ಎಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಮೊದಲು ಒಂದೆರಡು ವಿವರಗಳನ್ನು ಹೇಳಬೇಕು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಮೈದಾನದ ನಡುವೆ ತುಸು ಎತ್ತರಿಸಿದ ಮಣ್ಣಿನ ದಿಬ್ಬದ ಮೇಲೆ ಅವನು ನಿಲ್ಲುತ್ತಾನೆ. ಅವನಿಂದ 60 ಅಡಿ 6 ಅಂಗುಲ ದೂರದಲ್ಲಿ 17 ಅಂಗುಲ ಅಗಲದ ಹೋಂ ಪ್ಲೇಟ್ ಇರುತ್ತದೆ. ಚೆಂಡು ನೆಲಕ್ಕೆ ತಾಗದೆ, ಆ ಅಗಲದ ಮೇಲೆ, ಬ್ಯಾಟುಗಾರನ ಮೊಣಕಾಲಿಗೂ ಎದೆಗೂ ನಡುವಿನ ಎತ್ತರದಲ್ಲಿ ಹಾದುಹೋಗಬೇಕು. ಹಾಗೆ ಹಾದರೆ ಅದು ಸ್ಟ್ರೈಕ್. ಹಾಯದ ಚೆಂಡಿಗೆ ಬ್ಯಾಟುಗಾರ ಬೀಸದೆ ಸುಮ್ಮನಿದ್ದರೆ ಅದು ಪಿಚರನ ತಪ್ಪು. ಅಂಥ ತಪ್ಪು ನಾಲ್ಕಾದರೆ ಬ್ಯಾಟುಗಾರ ಆರಾಮವಾಗಿ ಮೊದಲನೆಯ ಬೇಸಿಗೆ ನಡೆದುಹೋಗುತ್ತಾನೆ. ಇದಕ್ಕೆ ‘ವಾಕ್’ ಎಂದೇ ಹೆಸರು. ಪ್ಲೇಟಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವವನು ಕ್ಯಾಚರ್. ಯಾವ ಎಸೆತ ಎಸೆಯಬೇಕೆಂದು ಬೆರಳ ಸನ್ನೆಯಿಂದ ಸೂಚಿಸುವವನೂ ಅವನೇ.

ನಮ್ಮ ಬೌಲರನಿಗೆ ಆರು ಚೆಂಡಾದ ಮೇಲೆ ಬಿಡುವು ಉಂಟು. ಅವನು ಬೌಂಡರಿಯ ಬಳಿ ನಿಂತು ಬೆವರು ಒರೆಸಿಕೊಳ್ಳಬಹುದು. ಆ ಹೊತ್ತಿಗೆ ಇನ್ನೊಬ್ಬನು ಎಸೆಯುತ್ತಾನೆ. ಪಿಚರನಿಗೆ ಈ ಸೌಕರ್ಯವಿಲ್ಲ. ತಪ್ಪು ಎಸೆದವನೇ ಮುಂದಿನ ಚೆಂಡನ್ನೂ ಎಸೆಯಬೇಕು, ಮ್ಯಾನೇಜರ್ ಮೈದಾನಕ್ಕೆ ನಡೆದು ಬಂದು ಎಲ್ಲರೆದುರಿಗೆ ಚೆಂಡನ್ನು ಕೈಯಿಂದ ತೆಗೆದುಕೊಳ್ಳುವ ತನಕ. ವಾಕ್ ಎಂಬುದಂತೂ ಎದುರಾಳಿಯ ಪರಾಕ್ರಮವಿಲ್ಲದೆಯೇ ಆಗುವ ಸೋಲು. ಯಾರೂ ಹೊಡೆಯಲಿಲ್ಲ, ಯಾರೂ ಓಡಲಿಲ್ಲ. ಹುಡುಗ ತನ್ನ ಕೈಯಿಂದ ತಾನೇ ಸೋತ. ಕಥೆಗಾರರಿಗೆ ಈ ದಿಬ್ಬ ಪ್ರಿಯವಾದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ವಸ್ತುವನ್ನು ಮೊದಲು ಚೆನ್ನಾಗಿ ದುಡಿಸಿಕೊಂಡವನು ರಿಂಗ್ ಲಾರ್ಡ್ನರ್. ಷಿಕಾಗೋದಲ್ಲಿ ಕ್ರೀಡಾ ವರದಿಗಾರನಾಗಿದ್ದ ಈತ 1914ರಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಬರೆಯತೊಡಗಿದ ಕಥೆಗಳು 1916ರಲ್ಲಿ ‘ಯು ನೋ ಮಿ ಆಲ್’ ಎಂಬ ಹೆಸರಿನಿಂದ ಪುಸ್ತಕವಾದವು. ಜಾಕ್ ಕೀಫ್ ಎಂಬ ಹಳ್ಳಿಗಾಡಿನ ತರುಣ ಪಿಚರ್ ಷಿಕಾಗೋ ವೈಟ್ ಸಾಕ್ಸ್ ತಂಡಕ್ಕೆ ಸೇರಿ, ಊರಿನಲ್ಲಿರುವ ಗೆಳೆಯ ಆಲ್‌ಗೆ ಬರೆಯುವ ಕಾಗದಗಳೇ ಇಡೀ ಪುಸ್ತಕ. ಆಲ್‌ನ ಉತ್ತರ ಒಂದೂ ಇಲ್ಲ. ಕೀಫನಿಗೆ ಕಾಗುಣಿತ ಬಾರದು, ವ್ಯಾಕರಣ ಬಾರದು, ನಾಚಿಕೆಯೂ ಬಾರದು. ಸೋತದ್ದಕ್ಕೆ ಕಾರಣ ಜೊತೆಯ ಆಟಗಾರರು. ಇಲ್ಲವೆ ತೋಳಿನ ನೋವು. ಇಲ್ಲವೆ ಎದುರಾಳಿಯ ಅದೃಷ್ಟ. ನಿಜವಾಗಿ ಬದುಕಿದ್ದ ಆಟಗಾರರೂ ಶಿಕ್ಷಕರೂ ಈ ಕಲ್ಪಿತ ಹುಡುಗನ ಸುತ್ತ ಓಡಾಡುತ್ತಾರೆ. ಟೈ ಕಾಬ್ ಅವನ ಕಣ್ಣೆದುರಿಗೇ ಬೇಸುಗಳನ್ನು ಕದಿಯುತ್ತಾನೆ. ಕಿಡ್ ಗ್ಲೀಸನ್ ಎಂಬ ಹಳೆಯ ಹುಲಿ ಅವನಿಗೆ ಬುದ್ಧಿ ಹೇಳುತ್ತಾನೆ: ತಿನ್ನುವುದನ್ನು ಕಡಿಮೆ ಮಾಡು, ಓಟಗಾರನ ಮೇಲೆ ಕಣ್ಣಿಡು. ಕೀಫ್ ಆ ಬುದ್ಧಿವಾದವನ್ನೆಲ್ಲ ಕಾಗದದಲ್ಲಿ ಬರೆಯುತ್ತಾನೆ. ಬರೆಯುತ್ತಿರುವಾಗಲೇ ಅದು ತನಗೆ ಸಂಬಂಧಿಸಿದ್ದಲ್ಲವೆಂದು ತೀರ್ಮಾನಿಸಿರುತ್ತಾನೆ.

ಲಾರ್ಡ್ನರನ ಜಾಣ್ಮೆ ಇರುವುದು ಇಲ್ಲಿ. ಹುಡುಗನ ಬಾಯಿಂದಲೇ ಅವನಿಗೆ ಗೊತ್ತಿಲ್ಲದಂತೆ ಅವನ ದೋಷಗಳನ್ನು ಅವನು ಹೇಳಿಸುತ್ತಾನೆ. ಆಟದ ನಿಯಮಗಳನ್ನೇ ಅರಿಯದ ವರ್ಜೀನಿಯಾ ವುಲ್ಫ್ 1925ರಲ್ಲಿ ಅಮೆರಿಕದ ಕಥಾಸಾಹಿತ್ಯವನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ಪುಸ್ತಕವನ್ನು ಮೆಚ್ಚಿಕೊಂಡಳೆಂದರೆ, ಅದರ ಶಕ್ತಿ ಕ್ರೀಡಾಂಗಣದ ಬೇಲಿಯನ್ನು ದಾಟಿದ್ದು ಎಂದಂತಾಯಿತು. ಆದರೂ ನಮ್ಮ ಪ್ರಶ್ನೆಯ ದೃಷ್ಟಿಯಿಂದ ಇದಕ್ಕೆ ಒಂದು ಮಿತಿ ಇದೆ. ಕೀಫ್ ಕಲಿಯದಿದ್ದುದಕ್ಕೆ ಕಾರಣ ಅವನ ಹಮ್ಮು. ಕಲಿಸುವವರು ಸಿದ್ಧರಾಗಿದ್ದಾರೆ, ಹೇಳಿದ್ದೂ ಸರಿಯಾಗಿದೆ. ಶಿಷ್ಯನ ಕಿವಿ ಮುಚ್ಚಿದೆ. ಓದುಗನು ನಗುತ್ತಾನೆ, ನಗುತ್ತ ಗುರುಗಳ ಪಕ್ಷ ವಹಿಸುತ್ತಾನೆ. ಹಾಸ್ಯಕ್ಕೆ ಇಷ್ಟು ಸಾಕು. ಆದರೆ ಶಿಷ್ಯನ ಕಿವಿ ತೆರೆದಿದ್ದು, ಶ್ರದ್ಧೆಯೂ ಇದ್ದು, ಆದರೂ ಕೈ ಮಾತು ಕೇಳದೆಹೋದರೆ? ಅಲ್ಲಿ ನಗೆ ನಿಂತುಹೋಗುತ್ತದೆ. ಲಾರ್ಡ್ನರ್ ಆ ಬಾಗಿಲನ್ನು ತಟ್ಟಲಿಲ್ಲ.

ತಟ್ಟಿದವನು, ಸುಮಾರು ಅರವತ್ತು ವರ್ಷಗಳ ಮೇಲೆ, ಪ್ಯಾಟ್ ಜೋರ್ಡನ್. ಈತನು ಬರೆದದ್ದು ಕಾದಂಬರಿಯಲ್ಲ, ತನ್ನದೇ ಕಥೆ. ಕನೆಟಿಕಟ್ ರಾಜ್ಯದಲ್ಲಿ ಶಾಲಾಬಾಲಕನಾಗಿದ್ದಾಗಲೇ ಇವನ ವೇಗದ ಎಸೆತ ಹೆಸರಾಗಿತ್ತು. 1959ರಲ್ಲಿ ಮಿಲ್ವಾಕಿ ಬ್ರೇವ್ಸ್ ತಂಡದವರು ಮೂವತ್ತು ಸಾವಿರ ಡಾಲರಿಗೂ ಮಿಕ್ಕ ಬೋನಸ್ ಕೊಟ್ಟು ಇವನನ್ನು ಸೇರಿಸಿಕೊಂಡರು. ಆ ಕಾಲಕ್ಕೆ ಅದು ಸಣ್ಣ ಹಣವಲ್ಲ. ಮೂರು ವರ್ಷಗಳಲ್ಲಿ ಎಲ್ಲವೂ ಮುಗಿಯಿತು. ಮೇಜರ್ ಲೀಗಿನ ದಿಬ್ಬವನ್ನು ಒಮ್ಮೆಯೂ ಹತ್ತದೆ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗಲೇ, ಅವನು ಊರಿಗೆ ಮರಳಿದ. ಮುಂದೆ ಪತ್ರಿಕೆಗಳಿಗೆ ಬರೆಯುವುದನ್ನು ವೃತ್ತಿ ಮಾಡಿಕೊಂಡು, 1975ರಲ್ಲಿ ಆ ಮೂರು ವರ್ಷಗಳ ಕಥೆಯನ್ನು ‘ಎ ಫಾಲ್ಸ್ ಸ್ಪ್ರಿಂಗ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಹುಸಿ ವಸಂತ ಎಂಬ ಈ ಹೆಸರು ಪುಸ್ತಕಕ್ಕೆ ಚೆನ್ನಾಗಿ ಒಪ್ಪುತ್ತದೆ: ಚಿಗುರು ಬಂದಿತ್ತು, ಕಾಯಿ ಕಟ್ಟಲಿಲ್ಲ.

ಪುಸ್ತಕದ ನಡೆ ಊರಿನಿಂದ ಊರಿಗೆ. ನೆಬ್ರಾಸ್ಕದ ಮೆಕುಕ್, ಜಾರ್ಜಿಯದ ವೇಕ್ರಾಸ್, ವಿಸ್ಕಾನ್ಸಿನ್ನಿನ ಓ ಕ್ಲೇರ್, ಫ್ಲಾರಿಡದ ಪಲಾಟ್ಕ ಎಂದು ಸಣ್ಣ ಸಣ್ಣ ಊರುಗಳು. ಅಂದು ಮೈನರ್ ಲೀಗುಗಳಿಗೆ ಅಕ್ಷರಗಳ ದರ್ಜೆಯಿತ್ತು, ಕಟ್ಟಕಡೆಯದು ಡಿ. ಹೈಸ್ಕೂಲು ಬಿಟ್ಟು ಬಂದ ಹುಡುಗರು ಬಾಡಿಗೆಯ ಕೋಣೆಗಳಲ್ಲಿ ಉಳಿದು, ಬಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ, ಮಂಕು ದೀಪಗಳ ಕೆಳಗೆ ಆಡುತ್ತಿದ್ದರು. ಕೆಳದರ್ಜೆಯ ತಂಡಕ್ಕೆ ಪಿಚಿಂಗ್ ಕಲಿಸುವ ಪ್ರತ್ಯೇಕ ಶಿಕ್ಷಕನಿರುವುದು ಆಗ ವಾಡಿಕೆಯಲ್ಲ. ಒಬ್ಬನೇ ಮ್ಯಾನೇಜರ್ ಆಟಗಾರರನ್ನು ಆರಿಸಬೇಕು, ಹಣದ ಲೆಕ್ಕ ಇಡಬೇಕು, ಹುಡುಗರ ಜಗಳ ಬಿಡಿಸಬೇಕು, ಸಮಯ ಮಿಕ್ಕರೆ ಕಲಿಸಬೇಕು. ಸಾವಿರಾರು ಡಾಲರು ಕೊಟ್ಟು ಕೊಂಡ ತೋಳನ್ನು ಅದರ ಪಾಡಿಗೆ ಬಿಟ್ಟು, ತಾನಾಗಿ ಬಲಿತರೆ ಬಲಿಯಲಿ ಎನ್ನುವ ವ್ಯವಸ್ಥೆ ಅದು. ಬೀಜಕ್ಕೆ ಇಷ್ಟೊಂದು ಬೆಲೆ ಕೊಟ್ಟು ನೀರಿಗೆ ಜಿಪುಣತನ ಮಾಡುವ ಬೇಸಾಯ.

ಈ ಪುಸ್ತಕದ ಅತ್ಯುತ್ತಮ ಭಾಗ ಜೋರ್ಡನ್ ತನ್ನ ಎಸೆತದ ಚಲನೆಯನ್ನೇ ಕಳೆದುಕೊಳ್ಳುವ ವಿವರಣೆ. ಪಿಚರನ ಎಸೆತವೆಂದರೆ ತೋಳಿನ ಕೆಲಸವೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಕಾಲಿನಿಂದ ಹೊರಟು, ಸೊಂಟದಲ್ಲಿ ತಿರುಗಿ, ಭುಜಕ್ಕೆ ಏರಿ, ಮೊಣಕೈಯನ್ನು ದಾಟಿ, ಬೆರಳ ತುದಿಯಲ್ಲಿ ಮುಗಿಯುವ ಒಂದೇ ಅಲೆ. ಅದರ ಯಾವುದಾದರೊಂದು ಭಾಗವನ್ನು ಬಿಡಿಸಿ ಯೋಚಿಸಲು ತೊಡಗಿದರೆ ಅಲೆ ಒಡೆಯುತ್ತದೆ. ಈಜು ಬಲ್ಲವನು ನಡುನೀರಿನಲ್ಲಿ ಕೈಯೆಷ್ಟು ಸಲ ಬೀಸಿದೆ, ಕಾಲೆಷ್ಟು ಸಲ ಬಡಿದೆ ಎಂದು ಎಣಿಸಹೊರಟರೆ ಏನಾದೀತು? ಜೋರ್ಡನಿಗೆ ಆದದ್ದು ಅದೇ. ಗುರಿ ತಪ್ಪಿತೆಂದು ಚಲನೆಯನ್ನು ತುಸು ಬದಲಾಯಿಸಿದ. ಬದಲಾವಣೆಯಿಂದ ಮತ್ತಷ್ಟು ತಪ್ಪಿತು. ಅದನ್ನು ಸರಿಪಡಿಸಲು ಇನ್ನೊಂದು ಬದಲಾವಣೆ. ಕೊನೆಗೆ ಮೊದಲು ಹೇಗೆ ಎಸೆಯುತ್ತಿದ್ದೆನೆಂಬುದೇ ಮೈಗೆ ಮರೆತುಹೋಯಿತು. ಈ ಮರೆವನ್ನು ಅವನು ಅಳುಮೋರೆಯಿಲ್ಲದೆ, ವೈದ್ಯನು ರೋಗದ ದಿನಚರಿ ಬರೆದಂತೆ ಬರೆಯುತ್ತಾನೆ. ಪ್ರತಿಭೆ ಎಂಬುದು ಎಷ್ಟು ನಾಜೂಕಾದ ಗಂಟಿನಿಂದ ಕಟ್ಟಿದ್ದು ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಬರಹಗಳು ಕಡಿಮೆ.

ಮೆಕುಕ್ ಊರಿನ ಅದೇ ತಂಡದಲ್ಲಿ ಅದೇ 1959ರಲ್ಲಿ ಫಿಲ್ ನೀಕ್ರೋ ಎಂಬ ಇನ್ನೊಬ್ಬ ಪಿಚರ್ ಇದ್ದ. ಅವನಿಗೆ ಸಿಕ್ಕಿದ್ದ ಬೋನಸ್ 500 ಡಾಲರು. ಒಹಾಯೋದ ಕಲ್ಲಿದ್ದಲಿನ ಗಣಿಯಲ್ಲಿ ದುಡಿಯುತ್ತಿದ್ದ ತಂದೆ ಮನೆಯ ಹಿತ್ತಲಿನಲ್ಲಿ ಮಗನಿಗೆ ನಕಲ್‌ಬಾಲ್ ಎಂಬ ವಿಚಿತ್ರ ಎಸೆತವನ್ನು ಕಲಿಸಿದ್ದ. ಚೆಂಡು ಸುತ್ತದಂತೆ ಬೆರಳ ತುದಿಯಲ್ಲಿ ಹಿಡಿದು ನಿಧಾನವಾಗಿ ತಳ್ಳುವ ಈ ಎಸೆತ ಗಾಳಿಯಲ್ಲಿ ಎತ್ತೆತ್ತಲೋ ತೂರಾಡಿ ಬ್ಯಾಟುಗಾರನನ್ನು ಕಂಗೆಡಿಸುತ್ತದೆ. ಈ ನೀಕ್ರೋ 1987ರ ತನಕ, ತನ್ನ ನಲವತ್ತೆಂಟನೆಯ ವಯಸ್ಸಿನವರೆಗೆ ಆಡಿ, 318 ಪಂದ್ಯಗಳನ್ನು ಗೆದ್ದು, 1997ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಸೇರಿದ. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ಸಂಗತಿ ಹೊಳೆಯುತ್ತದೆ. ನೀಕ್ರೋ ತನ್ನ ಜೊತೆಗೆ ತಂದೆಯ ಪಾಠವನ್ನು ಹೊತ್ತು ತಂದಿದ್ದ. ಕೈ ತಪ್ಪಿದಾಗ ಮರಳಿ ಹೋಗಲು ಹಿತ್ತಲೊಂದಿತ್ತು. ಜೋರ್ಡನ್ ತಂದದ್ದು ವೇಗವನ್ನು ಮಾತ್ರ. ವೇಗಕ್ಕೆ ಬೆಲೆ ಕಟ್ಟುವವರು ಬೇಕಾದಷ್ಟು ಜನರಿದ್ದರು. ಅದು ಕೈಬಿಟ್ಟ ದಿನ ಜೊತೆಗೆ ಕುಳಿತು ಹುಡುಕುವವರು ಇರಲಿಲ್ಲ.

ಪುಸ್ತಕದಲ್ಲಿ ದೋಷವಿಲ್ಲವೆಂದಲ್ಲ. ಮೂವತ್ತು ದಾಟಿದ ಲೇಖಕ ಇಪ್ಪತ್ತರೊಳಗಿನ ತನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಿಸುತ್ತಾನೆ. ವಿಚಾರಣೆ ಪ್ರಾಮಾಣಿಕವಾದುದು, ಆದರೆ ಕೆಲವೆಡೆ ನಿಷ್ಕರುಣವಾಗುತ್ತದೆ. ಅಹಂಕಾರವಿತ್ತು, ಸ್ವಾರ್ಥವಿತ್ತು ಎಂದು ಒಪ್ಪಿಕೊಳ್ಳುವ ಭರದಲ್ಲಿ, ಆ ವಯಸ್ಸಿನ ಹುಡುಗನಿಗೆ ಅವೆರಡೂ ಭಯದ ಮುಖವಾಡಗಳೆಂಬುದನ್ನು ಅವನು ಕೆಲವೊಮ್ಮೆ ಮರೆಯುತ್ತಾನೆ. ಮತ್ತೊಂದು ಮಾತು: ಎಸೆತದಲ್ಲಿ ಸಿಗದ ಹತೋಟಿ ವಾಕ್ಯದಲ್ಲಿ ಪೂರ್ಣವಾಗಿ ಸಿಕ್ಕಿರುವುದರಿಂದ, ತೊಳಲಾಟದ ವರ್ಣನೆಯೂ ತೀರ ನುಣುಪಾಗಿ ಬರುತ್ತದೆ. ಹೀಗಿದ್ದರೂ ಸೋತವನು ತನ್ನ ಸೋಲಿಗೆ ಒಂದೇ ಕಾರಣವನ್ನು ಕೊಟ್ಟು ಕೈತೊಳೆದುಕೊಳ್ಳದೆ ಇರುವುದು ದೊಡ್ಡ ಗುಣ. ಅವನ ಪುಸ್ತಕದಲ್ಲಿ ಖಳನಿಲ್ಲ, ಶಾಪವಿಲ್ಲ, ತಿರುಗುಬಿಂದುವೆಂಬ ನಾಟಕವಿಲ್ಲ. 1997ರಲ್ಲಿ ಐವತ್ತಾರು ವರ್ಷದವನಾಗಿ ಒಂದು ಸಣ್ಣ ತಂಡದ ಪರವಾಗಿ ಮತ್ತೆ ಒಮ್ಮೆ ದಿಬ್ಬ ಹತ್ತಿದ ಅನುಭವವನ್ನು ಅವನು 1999ರ ‘ಎ ನೈಸ್ ಟ್ಯೂಸ್‌ಡೇ’ ಎಂಬ ಪುಸ್ತಕದಲ್ಲಿ ಬರೆದಿದ್ದಾನೆ. ಹಳೆಯ ಹುಡುಗನ ಮೇಲಿನ ಮುನಿಸು ಕಡಿಮೆಯಾಗಲು ಅಷ್ಟು ವರ್ಷ ಹಿಡಿಯಿತು.

ಗೆದ್ದವರ ಕಥೆಗಳಿಗೆ ಬಂದರೆ ನಾವು ಎಚ್ಚರದಿಂದಿರಬೇಕಾಗುತ್ತದೆ. ಇವುಗಳಲ್ಲಿ ಬಹು ಪ್ರಸಿದ್ಧವಾದದ್ದು ಸ್ಯಾಂಡಿ ಕೋಫ್ಯಾಕ್ಸನದು. ಬ್ರೂಕ್ಲಿನ್ನಿನಲ್ಲಿ 1935ರಲ್ಲಿ ಹುಟ್ಟಿದ ಈ ಎಡಗೈ ಪಿಚರ್ 1954ರ ಕೊನೆಯಲ್ಲಿ 14,000 ಡಾಲರು ಬೋನಸ್ ಪಡೆದು ಡಾಡ್ಜರ್ಸ್ ತಂಡವನ್ನು ಸೇರಿದ. ಅಂದಿನ ನಿಯಮದಂತೆ 4,000 ಡಾಲರಿಗೆ ಮೀರಿದ ಬೋನಸ್ ಪಡೆದವನನ್ನು ಎರಡು ವರ್ಷ ಕೆಳಗಿನ ತಂಡಗಳಿಗೆ ಕಳುಹಿಸುವಂತಿಲ್ಲ. ಶ್ರೀಮಂತ ತಂಡಗಳು ಹುಡುಗರನ್ನು ಕೊಂಡು ಗುಡ್ಡೆಹಾಕದಿರಲಿ ಎಂದು ಮಾಡಿದ ನಿಯಮ. ಹುಡುಗರಿಗೆ ಅದೇ ಸಂಕೋಲೆಯಾಯಿತು. ಆಡಿ ಕಲಿಯಬೇಕಾದವನು ಬೆಂಚಿನ ಮೇಲೆ ಕುಳಿತ. ಮೊದಲ ಎರಡು ವರ್ಷಗಳಲ್ಲಿ ಅವನು ಎಸೆದದ್ದು ನೂರರಷ್ಟು ಇನ್ನಿಂಗ್ಸ್. ಆರು ವರ್ಷಗಳ ಕೊನೆಗೆ, 1960ರಲ್ಲಿ, ಗೆಲವು 36, ಸೋಲು 40. ಬೇಸತ್ತು ಆಟ ಬಿಡುವ ಯೋಚನೆಯನ್ನೂ ಮಾಡಿದ್ದ.

ಮುಂದಿನದು ಎಲ್ಲರೂ ಹೇಳುವ ಕಥೆ. 1961ರ ವಸಂತದಲ್ಲಿ, ಫ್ಲಾರಿಡದ ಆರ್ಲ್ಯಾಂಡೋದಲ್ಲಿ ನಡೆದ ಒಂದು ಅಭ್ಯಾಸ ಪಂದ್ಯದಲ್ಲಿ ಅವನು ವಾಕ್ ಮೇಲೆ ವಾಕ್ ಕೊಟ್ಟು ಬೇಸುಗಳನ್ನು ತುಂಬಿಸಿದ. ಕ್ಯಾಚರ್ ನಾರ್ಮ್ ಷೆರಿ ದಿಬ್ಬಕ್ಕೆ ಬಂದು, ಅಷ್ಟೊಂದು ಬಲ ಹಾಕಬೇಡ, ಸ್ವಲ್ಪ ಸಡಿಲ ಬಿಟ್ಟು ಎಸೆ, ಅವರು ಹೊಡೆದರೆ ಹೊಡೆಯಲಿ ಎಂಬರ್ಥದ ಮಾತು ಹೇಳಿದ. ಕೋಫ್ಯಾಕ್ಸ್ ಅಂದು ಏಳು ಇನ್ನಿಂಗ್ಸ್ ಎಸೆದು ಒಂದು ಹಿಟ್ಟನ್ನೂ ಕೊಡಲಿಲ್ಲ. ಆ ವರ್ಷ 18 ಪಂದ್ಯ ಗೆದ್ದು 269 ಜನರನ್ನು ಸ್ಟ್ರೈಕಿನಿಂದ ಹೊರಗಟ್ಟಿ ನ್ಯಾಷನಲ್ ಲೀಗಿನ ದಾಖಲೆ ಮಾಡಿದ. 1963, 1965, 1966ರಲ್ಲಿ ಸೈ ಯಂಗ್ ಪ್ರಶಸ್ತಿ. ನೊಂದ ತೋಳಿನಿಂದಾಗಿ ಮೂವತ್ತನೆಯ ವಯಸ್ಸಿಗೇ ನಿವೃತ್ತಿ. ಒಂದು ಮಾತಿನಿಂದ ಸೋತವನು ಗೆದ್ದ ಎಂಬುದು ಕಥೆಯ ಸಾರ. ಇಂಥ ಮಂತ್ರೋಪದೇಶದ ಕಥೆಗಳು ನಮಗೂ ಇಷ್ಟ.

ಆದರೆ ಅಂಕಿಗಳನ್ನು ಹತ್ತಿರದಿಂದ ನೋಡೋಣ. 1960ರಲ್ಲಿ ಅವನು 175 ಇನ್ನಿಂಗ್ಸುಗಳಲ್ಲಿ 100 ವಾಕ್ ಕೊಟ್ಟಿದ್ದ. 1961ರಲ್ಲಿ 255 ಚಿಲ್ಲರೆ ಇನ್ನಿಂಗ್ಸುಗಳಲ್ಲಿ 96. ಸುಧಾರಣೆ ದೊಡ್ಡದೇ, ಆದರೆ 1965ರಲ್ಲಿ 335 ಚಿಲ್ಲರೆ ಇನ್ನಿಂಗ್ಸುಗಳಿಗೆ 71ಕ್ಕೆ ಇಳಿಯಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಷೆರಿಯ ಜೊತೆಗೆ ಇತರರ ಕೆಲಸವೂ ಇತ್ತು. ಕೆನಿ ಮೈಯರ್ಸ್ ಎಂಬಾತ, ಎಸೆಯುವ ಮೊದಲು ಕೋಫ್ಯಾಕ್ಸ್ ಗುರಿಯೇ ಕಾಣದಷ್ಟು ಹಿಂದಕ್ಕೆ ವಾಲುತ್ತಾನೆಂದು ಕಂಡುಹಿಡಿದ. ಶಿಕ್ಷಕ ಜೋ ಬೆಕರ್ ಅವನ ಲಯವನ್ನು ತಿದ್ದಿದ. ಇಷ್ಟು ಕೈಗಳ ಕೆಲಸವನ್ನು ಒಂದು ವಾಕ್ಯಕ್ಕೆ ಇಳಿಸುವುದು ಕಥೆ ಹೇಳುವವರ ಸೌಕರ್ಯಕ್ಕಾಗಿ. ಬಲ ಕಡಿಮೆ ಮಾಡೆಂಬ ಮಾತನ್ನು ಆ ಆರು ವರ್ಷಗಳಲ್ಲಿ ಬೇರೆ ಯಾರೂ ಹೇಳಿರಲಿಲ್ಲವೆಂದು ನಂಬುವುದು ಕಷ್ಟ. ಅಂದು ಅದು ಕಿವಿಗೆ ಬಿದ್ದದ್ದೇಕೆ?

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಕಾರಣಗಳನ್ನು ಹೇಳುವಾಗ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರನ್ನು ಎಣಿಸುತ್ತಾರೆ. ಕೋಫ್ಯಾಕ್ಸನಿಗೆ ಮೊದಲನೆಯದು ಹುಟ್ಟಿನಿಂದ ಬಂದಿತ್ತು; ಉಳಿದೆರಡು ಬೆಂಚಿನ ಮೇಲೆ ಕುಂಟುತ್ತ ಬಂದವು. ಆದರೆ ಅದೇ ಆಲಂಕಾರಿಕರು ಕವಿಯ ಎದುರಿಗೆ ಸಹೃದಯನನ್ನೂ ಕೂರಿಸಿದ್ದಾರೆ. ದಿಬ್ಬದ ಮೇಲಿನವನಿಗೆ ಎದುರಿಗೆ ಕುಳಿತ ಸಹೃದಯನೆಂದರೆ ಕ್ಯಾಚರ್. ಷೆರಿ ಮೇಲಿನವನಲ್ಲ, ಸಂಬಳ ಕೊಡುವವನಲ್ಲ. ತಾನೂ ತಂಡದಲ್ಲಿ ಸ್ಥಾನಕ್ಕಾಗಿ ಹೆಣಗುತ್ತಿದ್ದವನು. ಆ ಹುಡುಗ ಎಸೆದ ಒಂದೊಂದು ಚೆಂಡನ್ನೂ ಅಂಗೈಯಲ್ಲಿ ಅನುಭವಿಸಿದ್ದವನು. ಅಂಥವನು ಸಡಿಲ ಬಿಡು ಎಂದಾಗ ಅದು ಬೈಗುಳವಾಗಿ ಕೇಳಿಸದು. ಫಲಿತಾಂಶದಿಂದ ಏನೂ ಆಗಬೇಕಿಲ್ಲದ ಒಂದು ಸಣ್ಣ ಪಂದ್ಯದಲ್ಲಿ ಆ ಮಾತನ್ನು ಪರೀಕ್ಷಿಸಿ ನೋಡುವ ಅವಕಾಶವೂ ಇತ್ತು. ಮಾತಿನ ಗುಣಕ್ಕಿಂತ ಅದನ್ನು ಹೇಳಿದವನ ಸ್ಥಾನ ದೊಡ್ಡದು. ಹೇಳಿದ ಸಮಯ ಇನ್ನೂ ದೊಡ್ಡದು.

ನಮ್ಮ ಕಾಲಕ್ಕೆ ಹತ್ತಿರದ ಇನ್ನೊಂದು ಉದಾಹರಣೆಯನ್ನೂ ನೋಡಬೇಕು, ಏಕೆಂದರೆ ಅದರ ಹಿಂದೆಯೂ ಒಂದು ಪುಸ್ತಕವಿದೆ. ಟೊರಾಂಟೋ ತಂಡದ ರಾಯ್ ಹ್ಯಾಲಡೇ 1998ರಲ್ಲಿ ತನ್ನ ಎರಡನೆಯ ಪಂದ್ಯದಲ್ಲೇ ಎದುರಾಳಿಗೆ ಒಂದೂ ಹಿಟ್ ಕೊಡದೆ ಕಟ್ಟಕಡೆಯ ಬ್ಯಾಟುಗಾರನ ತನಕ ಬಂದಿದ್ದ. ಎರಡೇ ವರ್ಷಗಳಲ್ಲಿ, 2000ದಲ್ಲಿ, ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 10.64 ರನ್ ಕೊಡುವಷ್ಟು ಕುಸಿದ. 2001ರಲ್ಲಿ ಅವನನ್ನು ಕೆಳದರ್ಜೆಯ ಡನೀಡಿನ್ ತಂಡಕ್ಕೆ ಇಳಿಸಿದರು. ಅಲ್ಲಿ ಮೆಲ್ ಕ್ವೀನ್ ಎಂಬ ಹಳೆಯ ಶಿಕ್ಷಕ ಅವನನ್ನು ನಿರ್ದಾಕ್ಷಿಣ್ಯವಾಗಿ ಮೂದಲಿಸಿ, ತಲೆಯ ಮೇಲಿನಿಂದ ನೆಟ್ಟಗೆ ಬರುತ್ತಿದ್ದ ತೋಳನ್ನು ಓರೆಗೆ ಇಳಿಸಿ, ಎಸೆತವನ್ನೇ ಹೊಸದಾಗಿ ಕಟ್ಟಿದ. ಅದೇ ದಿನಗಳಲ್ಲಿ ಹೆಂಡತಿ ಬ್ರ್ಯಾಂಡಿ ಅಂಗಡಿಯಲ್ಲಿ ಕಂಡ ಒಂದು ಪುಸ್ತಕವನ್ನು ಕೊಂಡು ತಂದು ಗಂಡನ ಕೈಗಿತ್ತಳು. ಹಾರ್ವಿ ಡಾರ್ಫ್‌ಮನ್ 2000ದಲ್ಲಿ ಬರೆದ ‘ದಿ ಮೆಂಟಲ್ ಎಬಿಸಿಸ್ ಆಫ್ ಪಿಚಿಂಗ್’ ಅದು. ಹ್ಯಾಲಡೇ 2003 ಮತ್ತು 2010ರಲ್ಲಿ ಸೈ ಯಂಗ್ ಪ್ರಶಸ್ತಿ ಪಡೆದ; 2017ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ; 2019ರಲ್ಲಿ ಕೀರ್ತಿಮಂದಿರ ಅವನಿಗೆ ಮರಣೋತ್ತರವಾಗಿ ತೆರೆಯಿತು.

ಡಾರ್ಫ್‌ಮನ್ ಇಂಗ್ಲಿಷ್ ಮೇಷ್ಟರಾಗಿದ್ದವನೆಂಬುದು ನಮ್ಮಂಥ ಪಾಠ ಹೇಳುವವರಿಗೆ ಕುತೂಹಲದ ಸಂಗತಿ. ಅವನ ಪುಸ್ತಕ ಅಕ್ಷರಾನುಕ್ರಮವಾಗಿ ಜೋಡಿಸಿದ ಸಣ್ಣ ಸಣ್ಣ ಟಿಪ್ಪಣಿಗಳ ಕೈಪಿಡಿ. ಅದನ್ನು ಸಾಹಿತ್ಯಕೃತಿಯೆಂದು ತೂಗುವುದು ನ್ಯಾಯವಲ್ಲ. ಒಂದೇ ಮಾತು ಹಲವು ತಲೆಬರಹಗಳ ಕೆಳಗೆ ಮರಳಿ ಬರುತ್ತದೆ. ಆದರೆ ಮಾತು ಗಟ್ಟಿಯಾದದ್ದು: ಹಿಂದಿನ ಎಸೆತ ಹೋಯಿತು, ಪಂದ್ಯದ ಫಲ ನಿನ್ನ ಕೈಯಲ್ಲಿಲ್ಲ, ಈಗಿನ ಒಂದು ಚೆಂಡು ಮಾತ್ರ ನಿನ್ನದು, ಉಸಿರು ತೆಗೆದುಕೋ, ಗುರಿ ನೋಡು, ಎಸೆ. ಗೀತೆಯ ದೇಶದವರಾದ ನಮಗೆ ಇದರಲ್ಲಿ ಹೊಸತೇನು ಎನ್ನಬಹುದು. ತತ್ವ ಹೊಸದಲ್ಲ. ಅದನ್ನು ಒಂದು ಎಸೆತದ ಅಳತೆಗೆ ಕತ್ತರಿಸಿ, ಹೆದರಿದ ಹುಡುಗನ ಜೇಬಿಗೆ ಹಿಡಿಯುವಂತೆ ಮಡಿಸಿ ಕೊಟ್ಟದ್ದು ಒಬ್ಬ ಒಳ್ಳೆಯ ಮೇಷ್ಟರ ಕೆಲಸ.

ಆದರೂ ಈ ಕೈಪಿಡಿಯನ್ನು ಸಂಜೀವಿನಿಯೆಂದು ಸಾರುವವರು ರಿಕ್ ಆಂಕೀಲನ ಆತ್ಮಕಥೆಯನ್ನು ಓದಬೇಕು. ಟಿಮ್ ಬ್ರೌನ್ ಜೊತೆಗೂಡಿ ಬರೆದ ‘ದಿ ಫಿನಾಮಿನನ್’ 2017ರಲ್ಲಿ ಬಂತು. 2000ದ ಅಕ್ಟೋಬರ್ 3ರಂದು, ಇಪ್ಪತ್ತೊಂದು ವರ್ಷದ ಆಂಕೀಲ್ ಸೇಂಟ್ ಲೂಯಿಸ್ ತಂಡಕ್ಕಾಗಿ ಮಹತ್ವದ ಪಂದ್ಯವೊಂದರಲ್ಲಿ ಎಸೆಯುತ್ತಿದ್ದಾಗ, ಒಂದೇ ಇನ್ನಿಂಗ್ಸಿನಲ್ಲಿ ಐದು ಚೆಂಡುಗಳು ಕ್ಯಾಚರನ ಕೈಗೂ ಸಿಗದೆ ಹಾರಿಹೋದವು. ಆ ದಿನದ ನಂತರ ಕೈ ಹಿಂದಿನಂತಾಗಲಿಲ್ಲ. ಇದೇ ಡಾರ್ಫ್‌ಮನ್ ಅವನಿಗೂ ಹೇಳಿಕೊಟ್ಟ, ಅವನೊಡನೆ ನಿಂತ. ಎಸೆತ ಮರಳಿ ಬರಲಿಲ್ಲ. ಕೊನೆಗೆ ಆಂಕೀಲ್ ದಿಬ್ಬವನ್ನು ಬಿಟ್ಟು, ಬ್ಯಾಟು ಹಿಡಿದು ಕಲಿತು, 2007ರಲ್ಲಿ ಹೊರಮೈದಾನದ ಆಟಗಾರನಾಗಿ ಮೇಜರ್ ಲೀಗಿಗೆ ಮರಳಿದ. ಅದೇ ಗುರು, ಅದೇ ಪಾಠ. ಒಬ್ಬನಿಗೆ ಫಲಿಸಿತು, ಇನ್ನೊಬ್ಬನಿಗೆ ಫಲಿಸಲಿಲ್ಲ. ಆಂಕೀಲನ ಪುಸ್ತಕದ ಬೆಲೆ ಇರುವುದು ಇದನ್ನು ಮುಚ್ಚಿಡದೆ ಹೇಳಿರುವುದರಲ್ಲಿ. ಗದ್ಯದಲ್ಲಿ ಅದು ಜೋರ್ಡನನ ಸಮಕ್ಕೆ ಬಾರದು, ಪ್ರಾಮಾಣಿಕತೆಯಲ್ಲಿ ಕಡಿಮೆಯಲ್ಲ. ಪಾಠ ಸೋತ ಮೇಲೂ ಗುರು ಶಿಷ್ಯನನ್ನು ಕೈಬಿಡಲಿಲ್ಲವೆಂಬುದು ಅದರಲ್ಲಿ ಎದ್ದು ಕಾಣುವ ಅಂಶ. ಎಸೆತ ಉಳಿಯದಿದ್ದರೂ ಹುಡುಗ ಉಳಿದ.

ಇಂದು ಜೋರ್ಡನನ ಕಾಲದ ವ್ಯವಸ್ಥೆಯಿಲ್ಲ. ಡಿ ದರ್ಜೆ 1963ರಲ್ಲಿ ರದ್ದಾಯಿತು. 2021ರಲ್ಲಿ ಮೇಜರ್ ಲೀಗಿನೊಡನೆ ಸಂಬಂಧವುಳ್ಳ ಕೆಳತಂಡಗಳನ್ನು 120ಕ್ಕೆ ಇಳಿಸಿದರು. ಅತಿವೇಗದ ಕ್ಯಾಮರಾಗಳು ಬೆರಳು ಚೆಂಡನ್ನು ಬಿಡುವ ಕ್ಷಣವನ್ನು ಹಿಡಿಯುತ್ತವೆ. ಯಂತ್ರಗಳು ಚೆಂಡಿನ ಸುತ್ತುಗಳನ್ನು ಎಣಿಸುತ್ತವೆ. ಜೋರ್ಡನ್ ಕಳೆದುಕೊಂಡ ಚಲನೆಯನ್ನು ಇಂದಾಗಿದ್ದರೆ ಚಿತ್ರದಲ್ಲಿ ಹಿಡಿದಿಟ್ಟು ಅವನಿಗೆ ಮರಳಿ ತೋರಿಸಬಹುದಾಗಿತ್ತು. ಇದು ಸಣ್ಣ ಲಾಭವಲ್ಲ. ಆದರೆ ಯಂತ್ರ ಹೇಳುವುದು ಏನಾಯಿತೆಂಬುದನ್ನು. ಅದನ್ನು ಹುಡುಗನಿಗೆ ಯಾವಾಗ ಹೇಳಬೇಕು, ಎಷ್ಟು ಹೇಳಬೇಕು, ಯಾವುದನ್ನು ಹೇಳದೆ ಬಿಡಬೇಕು ಎಂಬುದನ್ನು ಇಂದಿಗೂ ಮನುಷ್ಯನೇ ತೀರ್ಮಾನಿಸಬೇಕಾಗಿದೆ. ಹೆಚ್ಚು ತಿಳಿದವನು ಹೆಚ್ಚು ತಿದ್ದುವ ಅಪಾಯವೂ ಇಲ್ಲದಿಲ್ಲ.

ಈ ಪುಸ್ತಕಗಳಿಗೆಲ್ಲ ಕ್ರಮಾಂಕ ಕೊಡಬೇಕೆಂದರೆ ನಾನು ‘ಎ ಫಾಲ್ಸ್ ಸ್ಪ್ರಿಂಗ್’ ಕೃತಿಯನ್ನು ಮೊದಲಿಡುತ್ತೇನೆ. ಲಾರ್ಡ್ನರನ ಕಲೆ ಅದಕ್ಕಿಂತ ಹೆಚ್ಚು ಚುರುಕು. ಅವನಷ್ಟು ನಗಿಸುವ ಶಕ್ತಿ ಜೋರ್ಡನಿಗಿಲ್ಲ. ಆದರೆ ಲಾರ್ಡ್ನರ್ ತೋರಿಸಿದ್ದು ಕಲಿಯಲೊಲ್ಲದವನನ್ನು. ಗೆದ್ದವರ ಕಥೆ ಹೇಳುವವರು ಕಲಿಕೆಯನ್ನು ಒಂದು ವಾಕ್ಯಕ್ಕೆ, ಒಂದು ದಿನಕ್ಕೆ ಇಳಿಸಿ ನಮಗೆ ಹಿತವಾಗುವಂತೆ ಮಾಡುತ್ತಾರೆ. ಕಲಿಯಬೇಕೆಂದು ಬಂದವನು ಯಾರೂ ನೋಡದಿರುವಾಗ ದಿನದಿನಕ್ಕೆ ಹೇಗೆ ಕಳೆದುಹೋಗುತ್ತಾನೆ ಎಂಬುದನ್ನು ಬರೆದವನು ಜೋರ್ಡನ್. ಮಕ್ಕಳನ್ನು ತರಬೇತಿಗೆ ಕಳುಹಿಸಿ, ಹಣ ಕಟ್ಟಿ, ಫಲಿತಾಂಶದ ಪಟ್ಟಿ ನೋಡಿ ತಲೆದೂಗುವ ನಮಗೆಲ್ಲ ಈ ಪುಸ್ತಕದಲ್ಲಿ ಕೇಳಿಸಿಕೊಳ್ಳಬೇಕಾದ ಮಾತಿದೆ. ಮೂವತ್ತು ಸಾವಿರ ಡಾಲರು ಎಣಿಸಿ ಕೊಟ್ಟವರು ಅನೇಕರು ಸೇರಿ ಆ ತೋಳನ್ನು ಪರೀಕ್ಷಿಸಿದ್ದರು. ದಿಬ್ಬದ ತನಕ ನಡೆದು ಹೋಗಿ, ಇಂದು ನಿನಗೇನಾಗಿದೆ ಎಂದು ಆ ಹುಡುಗನನ್ನು ಕೇಳುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.